ಅತ್ತಿಗೆಗೆ ಹಿಡಿಸದ ಕಾದಂಬರಿ

ಟೈಲರಮ್ಮನ ಬಾಯಿಗೆ ಹೆದರದವರು ಆ ಬೀದಿಯಲ್ಲಿ ಇರಲಿಲ್ಲ. ವಾರವಿಡೀ ಹೊಲಿಗೆ ಯಂತ್ರ ತುಳಿಯುತ್ತಿದ್ದ ಆಕೆ ಭಾನುವಾರ ಸಂಜೆ ತಪ್ಪದೆ ಗ್ರಂಥಾಲಯದ ಮಹಡಿಗೆ ಹೋಗುತ್ತಿದ್ದಳು. ಅಲ್ಲಿ ಹತ್ತಾರು ಜನ ಸೇರಿ, ತಾವು ಓದುತ್ತಿರುವ ಪುಸ್ತಕದ ಬಗ್ಗೆ ಮಾತಾಡುತ್ತಿದ್ದರು. ಎಲ್ಲರೂ ಹೊಗಳಿದ್ದನ್ನು ಟೈಲರಮ್ಮ ಎರಡೇ ಮಾತಿನಲ್ಲಿ ಹೊಲಿಗೆ ಬಿಚ್ಚಿ ಹಾಕುತ್ತಿದ್ದಳು. ಜೊತೆಗೆ ಬರುತ್ತಿದ್ದ ನಾದಿನಿ, ಆಸ್ಪತ್ರೆಯ ನರ್ಸು, ಅದೇ ಪುಸ್ತಕವನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದಳು. ಇವರಿಬ್ಬರ ಜಗಳ ಕೇಳಲೆಂದೇ ಏನೂ ಓದದವರೂ ಬಂದು ಕೂರುತ್ತಿದ್ದರು.

ಅಂಥವಳಿಗೆ ಒಂದು ಬೆಳಿಗ್ಗೆ ಲಕ್ವ ಹೊಡೆಯಿತು. ಕೈಕಾಲು ಬೇಗ ಚೇತರಿಸಿಕೊಂಡವು, ಮಾತು ಮಾತ್ರ ಮರಳಲಿಲ್ಲ. ನೀರು ಬೇಕೆಂದರೆ ಬಾಯಿಂದ "ಕತ್ತರಿ" ಎಂದು ಬರುತ್ತಿತ್ತು. ಪುಟದ ಮೇಲಿನ ಅಕ್ಷರಗಳು ಎಲ್ಲೋ ನೋಡಿದ ಮುಖಗಳಂತೆ ಕಾಣುತ್ತಿದ್ದವು. ಗಂಡ ಪಾಪ, ಅವಳ ವಾಕ್ಯಗಳನ್ನೆಲ್ಲ ತಾನೇ ಮುಗಿಸಿಕೊಡುತ್ತಿದ್ದ. ಅದಕ್ಕೇ ಅವಳಿಗೆ ಮೈಯೆಲ್ಲ ಉರಿ.

ಒಂದು ದಿನ ನಾದಿನಿ ಡ್ಯೂಟಿ ಮುಗಿಸಿ ಬಂದವಳೇ ಒಂದು ಕಾದಂಬರಿಯನ್ನು ಮುಂದಿಟ್ಟಳು.

"ನಾನು ಈಗ ಇದನ್ನೇ ಓದ್ತಿದೀನಿ ಅತ್ತಿಗೆ. ಎಷ್ಟು ಚೆನ್ನಾಗಿದೆ ಗೊತ್ತಾ! ನೀವೂ ಓದಿ."

ಮೊದಮೊದಲು ದಿನಕ್ಕೆರಡು ಸಾಲು, ಆಮೇಲೆ ಅರ್ಧ ಪುಟ. ಸಾಲಿನ ಕೆಳಗೆ ಬೆರಳಿಟ್ಟು, ಬೆವರು ಸುರಿಸುತ್ತ, ಮರೆತುಹೋದ ಪುಟವನ್ನು ಮತ್ತೆ ತಿರುವುತ್ತ, ಒಂದೊಂದೇ ಪದವನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತ ಟೈಲರಮ್ಮ ಓದಿದಳು. ಮುಗಿಸಿದ ವಾರವೇ ನಾದಿನಿಯ ಭುಜ ಹಿಡಿದು ಗ್ರಂಥಾಲಯದ ಮೆಟ್ಟಿಲು ಹತ್ತಿದಳು.

ಸಭೆ ನಡೆಸುವ ನಿವೃತ್ತ ಮೇಷ್ಟ್ರು ಎದ್ದು ಬಂದು ಕುರ್ಚಿ ಎಳೆದುಕೊಟ್ಟರು. "ನೀವು ಬಂದದ್ದೇ ದೊಡ್ಡದು ತಾಯಿ. ಮಾತಾಡೋ ಕಷ್ಟ ಬೇಡ, ಆರಾಮಾಗಿ ಕೇಳಿಸ್ಕೊಳ್ಳಿ."

ನಾದಿನಿ ಕಾದಂಬರಿಯ ಕಥೆ ಹೇಳಿದಳು. ಹಡಗು ಹತ್ತಿ ಹೋದ ಗಂಡನಿಗಾಗಿ ನಾಯಕಿ ವರ್ಷಗಟ್ಟಲೆ ನಗುನಗುತ್ತಲೇ ಕಾಯುತ್ತಾಳೆ. "ಅವಳ ತಾಳ್ಮೆ ಓದಿ ನನಗೆ ಕಣ್ಣೀರೇ ಬಂತು," ಎಂದಳು. ಎಲ್ಲರೂ ತಲೆದೂಗಿದರು.

ಟೈಲರಮ್ಮ ಕುರ್ಚಿಯ ಕೈ ಹಿಡಿದು ಎದ್ದು ನಿಂತಳು.

"ಈ... ಗುಂಡಿ..." ಎಂದಳು. ತಲೆ ಕೊಡವಿದಳು. "ಪುಸ್ತಕ."

"ಚೆನ್ನಾಗಿದೆ ಅಂತೀರಾ?" ಮೇಷ್ಟ್ರು ಮೃದುವಾಗಿ ಕೇಳಿದರು.

ಆಕೆ ಅಂಗೈ ಎತ್ತಿ ಅವರನ್ನು ತಡೆದಳು. ಬೀದಿಯಲ್ಲಿ ಯಾವುದೋ ಸ್ಕೂಟರು ಕೆಮ್ಮಿ ಸುಮ್ಮನಾಯಿತು.

"ಚೆನ್ನಾಗಿಲ್ಲ."

ಟೈಲರಮ್ಮ ನಾದಿನಿಯ ಕೈಯಲ್ಲಿದ್ದ ಪುಸ್ತಕದತ್ತ ಬೆರಳು ತೋರಿಸಿದಳು.

"ನಗ್ತಾ... ಕಾಯ್ತಾಳಂತೆ! ಸುಳ್ಳು. ಬರೆದೋನು ಕಾದಿಲ್ಲ. ನಾನು... ಕಾದಿದೀನಿ. ಒಂದು ಮಾತಿಗೆ. ಕಾಯೋರಿಗೆ ನಗು ಬರಲ್ಲ. ಸಿಟ್ಟು ಬರುತ್ತೆ. ನಾನು ಲೋಟ ಎಸೆದೆ."

"ನನ್ನ ಮೇಲೇ ಎಸೆದದ್ದು!" ಎಂದಳು ನಾದಿನಿ.

ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ಮೇಷ್ಟ್ರು ಚಪ್ಪಾಳೆ ತಟ್ಟಲು ಕೈ ಎತ್ತಿದರು. ಅಷ್ಟರಲ್ಲಿ ನಾದಿನಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಾಗಿತ್ತು.

"ಚಪ್ಪಾಳೆ ಆಮೇಲೆ ಸಾರ್. ಅತ್ತಿಗೆ, ನೀವು ಹೇಳೋದು ತಪ್ಪು. ಎಲ್ಲರೂ ನಿಮ್ಮ ಥರಾನೇ ಇರ್ಬೇಕಾ? ನಗ್ತಾ ಕಾಯೋರೂ ಇದಾರೆ. ವಾರ್ಡಿನಲ್ಲಿ ದಿನಾ ನೋಡ್ತೀನಿ."

ಟೈಲರಮ್ಮನ ಮುಖ ಅರಳಿತು. ಕಾಯಿಲೆ ಬಿದ್ದಮೇಲೆ ಅವಳಿಗೆ ಎದುರು ಮಾತಾಡಿದವರು ಒಬ್ಬರೂ ಇರಲಿಲ್ಲ.

"ನಿನ್ನ ತಲೆ!" ಎಂದಳು. ಆ ಮಾತು ಎಲ್ಲೂ ತಡವರಿಸಲಿಲ್ಲ.

ಆಮೇಲೆ ಬಿತ್ತು ನೋಡಿ ಜಗಳ! ಅರ್ಧ ಜನ ಅತ್ತಿಗೆಯ ಕಡೆ, ಅರ್ಧ ಜನ ನಾದಿನಿಯ ಕಡೆ. ಲೈಬ್ರರಿಯವನು ಬಂದು ದೀಪ ಆರಿಸಿದರೂ ಯಾರೂ ಬಗ್ಗಲಿಲ್ಲ. ಮೆಟ್ಟಿಲಿಳಿಯುವಾಗಲೂ ವಾದ, ರಸ್ತೆ ದಾಟುವಾಗಲೂ ವಾದ. ಇಬ್ಬರ ಕಣ್ಣೆದುರೇ ಮನೆ ಕಡೆಯ ಬಸ್ಸು ಹೊರಟುಹೋಯಿತು.

"ಹೋಗ್ಲಿ," ಎಂದಳು ಟೈಲರಮ್ಮ, ಕಲ್ಲುಬೆಂಚಿನ ಮೇಲೆ ಕೂತು. "ನಾನಿನ್ನೂ... ಮುಗಿಸಿಲ್ಲ."