ನಳಿಗೆಯೊಳಗಿದ್ದ ಈಡು

ಊರವರೆಲ್ಲ ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲಿ ಎಂದು ಎಣ್ಣೆ ಸವರುತ್ತಿದ್ದರೆ, ನನ್ನ ಅಪ್ಪ ವಾಮನಾಚಾರಿ ಬೇಕೆಂದೇ ತುಕ್ಕು ಹಿಡಿಸುತ್ತಿದ್ದ. ಹಳೆಯ ಕೋವಿಗಳ ನಳಿಗೆಗೆ ಬಣ್ಣ ಬರಿಸುವುದು ಅವನ ಕಸುಬು. ನಮ್ಮ ಮನೆಯ ಹಿಂದಿನ ಒದ್ದೆ ಕೋಣೆಯಲ್ಲಿ ಸದಾ ಒಂದೆರಡು ನಳಿಗೆಗಳು ಹಗ್ಗದಿಂದ ತೂಗುತ್ತ, ಮೆಲ್ಲಗೆ ಕೆಂಪಾಗುತ್ತಿದ್ದವು.

ನಳಿಗೆಯನ್ನು ಬೆಳ್ಳಗಾಗುವಷ್ಟು ಉಜ್ಜಿ, ಬೂದಿನೀರಿನಲ್ಲಿ ಜಿಡ್ಡು ತೊಳೆದು, ಅಪ್ಪ ತಾನೇ ಬೆರೆಸಿದ ಹುಳಿನೀರು ಸವರುತ್ತಿದ್ದ. ತುಕ್ಕು ಎದ್ದ ಮೇಲೆ ಕುದಿಯುವ ನೀರಿನಲ್ಲಿ ಮುಳುಗಿಸಿ ಬ್ರಶ್ಶಿನಿಂದ ತಿಕ್ಕುವುದು, ಮತ್ತೆ ಹುಳಿನೀರು, ಮತ್ತೆ ತುಕ್ಕು. ಹೀಗೆ ಮಾಡುತ್ತ ಮಾಡುತ್ತ ಅದಕ್ಕೆ ಹುರಿದ ಕಾಫಿಬೀಜದ ಬಣ್ಣ ಬರುತ್ತಿತ್ತು. ನಡುವೆ ಯಾರಾದರೂ ಬರಿಗೈಯಲ್ಲಿ ಮುಟ್ಟಿದರೆ ಬೆರಳಿನ ಗುರುತು ಕೂತುಬಿಡುತ್ತಿತ್ತು. ಆಗ ಅಪ್ಪನ ಬಾಯಿಗೆ ಹಿಡಿತವಿರುತ್ತಿರಲಿಲ್ಲ. ನಾನು ಗಂಡನ ಮನೆ ಒಗ್ಗದೆ ವಾಪಸು ಬಂದು ಜಗಲಿಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡಿದ್ದ ಕಾಲ ಅದು. ಯಾಕೆ ಬಂದೆ ಎಂದು ನನ್ನನ್ನು ಒಂದು ಮಾತೂ ಕೇಳದ ಮನುಷ್ಯ, ನಳಿಗೆಯ ಮೇಲೊಂದು ಬೆರಳಚ್ಚು ಕಂಡರೆ ಊರು ಒಂದು ಮಾಡುತ್ತಿದ್ದ.

ಬೆಳ್ಯಪ್ಪ ಗೌಡರು ತಮ್ಮ ಕೇಪಿನ ಕೋವಿಯನ್ನು ಗೋಣಿಯಲ್ಲಿ ಸುತ್ತಿ ತಂದದ್ದು ಆಗಲೇ. ಬಾಯಿಯಿಂದ ಮದ್ದು ತುಂಬಿ ಗಜವೆಂಬ ಉದ್ದನೆಯ ಸರಳಿನಿಂದ ಜಡಿಯುವ, ಅವರ ಅಜ್ಜನ ಕಾಲದ ಕೋವಿ. ನಳಿಗೆ ತುಕ್ಕು ಹಿಡಿದು ಸಿಪ್ಪೆ ಏಳುತ್ತಿತ್ತು.

"ತಮ್ಮನ ಸೊಸೆಗೆ ದಿನ ತುಂಬಿದೆ ಆಚಾರ್ರೇ. ಮನೆಯ ಕೋವಿಯಿಂದಲೇ ಈಡು ಆಗ್ಬೇಕು ಅಂತ ಆ ಹುಡುಗಿಯದ್ದೇ ಆಸೆ. ಬೇಗ ಆಗ್ತದಾ?"

ನಮ್ಮ ಕಡೆ ಮನೆಯಲ್ಲಿ ಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಈಡು ಹೊಡೆಯುತ್ತಾರೆ, ಸಾವಾದರೆ ಎರಡು. ಗುಡ್ಡದಾಚೆಯವರು ಅದನ್ನು ಕೇಳಿಯೇ ಬಾಳೆಗೊನೆ ತರಬೇಕೋ ಕಟ್ಟಿಗೆ ತರಬೇಕೋ ಎಂದು ತೀರ್ಮಾನಿಸುತ್ತಾರೆ.

ಅಪ್ಪ ಯಾವ ಕೋವಿ ಬಂದರೂ ಮೊದಲು ನಳಿಗೆಯೊಳಗೆ ಗಜ ಇಳಿಸಿ, ಬಾಯಿಯ ಹತ್ತಿರ ಬೆರಳಿನಿಂದ ಹಿಡಿದು, ಹೊರತೆಗೆದು, ತಳದವರೆಗೆ ಹೋಗಿದೆಯೇ ಎಂದು ನಳಿಗೆಯ ಪಕ್ಕಕ್ಕೆ ಹಿಡಿದು ನೋಡುತ್ತಿದ್ದ. ಆ ದಿನ ಗಜ ತಳ ಮುಟ್ಟಿರಲಿಲ್ಲ. ಅವನು ಇನ್ನೊಮ್ಮೆ ಇಳಿಸಿದ. ಆಮೇಲೆ ಕೋವಿಯ ಬಾಯಿಯನ್ನು ಗೋಡೆಯ ಕಡೆ ತಿರುಗಿಸಿದ.

"ಗೌಡ್ರೇ, ಒಳಗೆ ಈಡು ಉಂಟು."

"ಎಂತ ಮಾತು ಆಚಾರ್ರೇ! ತುಂಬಿದ ಕೋವಿ ಗೋಡೆಗೆ ತೂಗು ಹಾಕುವ ಬೆಪ್ಪ ನಾನಲ್ಲ," ಎಂದು ಗೌಡರು ಸಿಡುಕಿದರು.

ಅಪ್ಪ ವಾದ ಮಾಡಲಿಲ್ಲ. ಗಜವನ್ನು ಅವರ ಕೈಗೇ ಕೊಟ್ಟ. ಗೌಡರು ಇಳಿಸಿ ನೋಡಿದರು. ಅವರ ಮುಖ ಇಳಿದುಹೋಯಿತು, ಹೊಸ್ತಿಲ ಮೇಲೆ ಹಾಗೇ ಕುಕ್ಕರಿಸಿದರು.

"ತುಂಬಿದ್ದು ನಾನೇ," ಎಂದರು. "ನಮ್ಮವಳಿಗೆ, ಹೊನ್ನಮ್ಮನಿಗೆ, ಹಿಂದೆ ಹೆರಿಗೆ ನೋವು ಬಂದಾಗ. ಬರೀ ಮದ್ದು, ಮೇಲೊಂದಿಷ್ಟು ನಾರು. ಹಿಡ್ಕೊಂಡು ಅಂಗಳದಲ್ಲಿ ನಿಂತಿದ್ದೆ. ಸೂಲಗಿತ್ತಿ ಹೊರಗೆ ಬಂದು ತಲೆ ಆಡಿಸಿದ್ಲು. ಮಗು ಅಳ್ಲೇ ಇಲ್ಲ." ಅವರು ಅಪ್ಪನ ಮುಖ ನೋಡಿದರು. "ಹುಟ್ಟಿದ್ದಕ್ಕೆ ಒಂದು, ಹೋದದ್ದಕ್ಕೆ ಎರಡು. ಅಳದ ಮಗುವಿಗೆ ಎಷ್ಟು ಆಚಾರ್ರೇ? ಯಾರ ಹತ್ರ ಕೇಳೋದು? ಕೋವಿ ತಗೊಂಡು ಹೋಗಿ ಗೋಡೆಗೆ ಹಾಕ್ದೆ. ಮಗುವನ್ನು ಮರೀಲಿಲ್ಲ, ಒಳಗಿದ್ದ ಮದ್ದು ಮರ್ತೇ ಹೋಗಿತ್ತು."

ಅವರಿಗೆ ಆಮೇಲೆ ಮಕ್ಕಳಾಗಲಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ನನ್ನ ಮಿಷನ್ ಯಾವಾಗ ನಿಂತಿತೋ ನನಗೇ ತಿಳಿಯಲಿಲ್ಲ.

"ನೀರು ಹೊಯ್ದು ಕೊಳೆಸಿ ತೆಗೆದು ಬಿಸಾಡಿ. ಅವಳು ಮರ್ತಿದ್ದಾಳೆ. ಅವಳಿಗೆ ಗೊತ್ತಾಗೋದು ಬೇಡ," ಎಂದು ಹೇಳಿ ಗೌಡರು ಎದ್ದುಹೋದರು.

ನೀರು ಹೊಯ್ಯುವುದು ಕ್ಷಣದ ಕೆಲಸ. ಮದ್ದು ನೆನೆದರೆ ಅಪಾಯವಿಲ್ಲ, ಅಪ್ಪ ಯಾವಾಗಲೂ ಹಾಗೇ ಮಾಡುತ್ತಿದ್ದ. ಈ ಸಲ ಚೆಂಬು ತುಂಬಿಸಿಟ್ಟುಕೊಂಡು ಸುಮ್ಮನೆ ಕೂತ. ಊಟಕ್ಕೆ ಕರೆದರೆ "ಬಂದೆ" ಅಂದ, ಬರಲಿಲ್ಲ.

ಮರುದಿನ ಹೊನ್ನಮ್ಮ ಒಬ್ಬರೇ ಬಂದರು. ನನ್ನ ಹತ್ತಿರ ರವಿಕೆ ಅಳತೆಗೆಂದು ಬಂದವರ ಹಾಗೆ ಜಗಲಿಯಲ್ಲಿ ಕೂತು, ಕಣ್ಣನ್ನು ಮಾತ್ರ ಒಳಗಿಟ್ಟಿದ್ದರು. ಅಪ್ಪ ಹೊರಗೆ ಬಂದಾಗ ನೇರವಾಗಿ ಕೇಳಿದರು.

"ಅದರೊಳಗೆ ಇದ್ದದ್ದು ತೆಗ್ದಿರಾ?"

ಅಪ್ಪನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲಮ್ಮ, ಇನ್ನೂ ಇಲ್ಲ. ನಿಮಗೆ ಗೊತ್ತುಂಟಾ?"

"ಒಳಗೆ ಮಲಗಿ ಕೇಳ್ತಾ ಇದ್ದೆನಲ್ಲ, ಒಂದಾದ್ರೂ ಸದ್ದು ಬರ್ತದಾ ಅಂತ. ಬರ್ಲಿಲ್ಲ. ಆವತ್ತಿಂದ ಆ ಕೋವಿಗೆ ಎಣ್ಣೆ ಹಾಕ್ಲಿಕ್ಕೂ ನಾನು ಬಿಡ್ಲಿಲ್ಲ. ಎಣ್ಣೆ ಹಾಕುವಾಗ ತೆಗೆದುಬಿಡ್ತಾರೆ ಅಂತ ಹೆದರಿಕೆ. ಇವರು ಮರ್ತಿದ್ದಾರೆ, ಪಾಪ. ನೆನಪು ಮಾಡೋದು ಬೇಡ ಅಂತ ನಾನೂ ಸುಮ್ಮನಿದ್ದೆ."

ಒಂದೇ ಸೂರಿನಡಿ ಉಂಡು ಮಲಗಿದ ಇಬ್ಬರು, ಇನ್ನೊಬ್ಬರು ಮರೆತಿದ್ದಾರೆಂದು ನಂಬಿ ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದರು.

"ಒಳಗೆ ಹಾಗೇ ಇರ್ಲಿ ಆಚಾರ್ರೇ. ಮೇಲೆ ಮಾತ್ರ ಬಣ್ಣ ಮಾಡಿ ಕೊಡಿ."

"ಆಗ್ಲಿಕ್ಕಿಲ್ಲ ಅಮ್ಮ. ನಾಳೆ ಮಗು ಹುಟ್ಟಿದಾಗ ನಿಮ್ಮ ಮೈದುನನ ಮಗ ಅದರ ಮೇಲೇ ಇನ್ನೊಂದು ಈಡು ತುಂಬಿದ್ರೆ ನಳಿಗೆ ಒಡೆದು ಅವನ ಮುಖಕ್ಕೇ ಬರ್ತದೆ."

ಹೊನ್ನಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಹಾಗಾದ್ರೆ ತೆಗೀರಿ. ಆದ್ರೆ ನೀರು ಹಾಕ್ಬೇಡಿ. ಅದು ಕೊಳೆಯೋದು ಬೇಡ."

ಒಣಮದ್ದನ್ನು ನಳಿಗೆಯಿಂದ ತೆಗೆಯುವುದು ಎಂಥ ಅಪಾಯದ ಕೆಲಸ ಎಂದು ಗೊತ್ತಿದ್ದೂ ಅಪ್ಪ ಹೂಂ ಅಂದ. ನನ್ನನ್ನು ಬಾವಿಕಟ್ಟೆಗೆ ಓಡಿಸಿ ಬಾಗಿಲು ಹಾಕಿಕೊಂಡ. ನಾನು ಹಗ್ಗ ಹಿಡಿದು ನಿಂತೆ, ಒಂದು ಕೊಡ ನೀರೂ ಸೇದಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಹೊರಗೆ ಬಂದವನ ಬನಿಯನ್ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಕೈಯಲ್ಲಿ ಒಂದು ಕರಟ, ಅದರಲ್ಲಿ ಒಂದು ಹಿಡಿಗೂ ಕಮ್ಮಿ ಕಪ್ಪು ಮದ್ದು.

ಆಮೇಲೆ ಅವನು ಆ ನಳಿಗೆಗೆ ಮಾಡಿದಷ್ಟು ಉಪಚಾರವನ್ನು ಬೇರೆ ಯಾವುದಕ್ಕೂ ಮಾಡಿದ್ದು ನಾನು ಕಾಣೆ. ತುಕ್ಕು ತಿಂದ ಗುಳಿಗಳನ್ನು ತೀಡಿ ತೀಡಿ ಸಮಮಾಡಿದ. ಕೆಂಪಾಗಿಸಿ, ಕುದಿಸಿ, ತಿಕ್ಕಿ, ಮತ್ತೆ ಕೆಂಪಾಗಿಸಿದ. ಬಣ್ಣ ಮುಗಿದ ದಿನ ನನ್ನನ್ನು ಗೌಡರ ಮನೆಗೆ ಅಟ್ಟಿದ. "ಇಬ್ಬರೂ ಒಟ್ಟಿಗೆ ಬರ್ಬೇಕು ಅಂತ ಹೇಳು."

ಅವರು ಒಬ್ಬರ ಹಿಂದೆ ಒಬ್ಬರು ಬಂದರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಪ್ಪ ಕರಟವನ್ನು ಬೋರಲು ಹಾಕಿದ. ಗೌಡರು ಆ ಕಪ್ಪು ಗುಡ್ಡೆಯನ್ನು ನೋಡಿದರು, ಹೆಂಡತಿಯನ್ನು ನೋಡಿದರು.

"ನಿನಗೆ ಗೊತ್ತಿತ್ತಾ?"

"ನಿಮಗೆ ನೆನಪಿತ್ತಾ?" ಎಂದರು ಹೊನ್ನಮ್ಮ.

ಅಪ್ಪ ಬೆಂಕಿಪೆಟ್ಟಿಗೆ ಮುಂದೆ ಹಿಡಿದು, ತಪ್ಪು ಮಾಡಿದವನ ಹಾಗೆ ತಗ್ಗಿದ ದನಿಯಲ್ಲಿ ಹೇಳಿದ: "ಬಯಲಲ್ಲಿ ಹಚ್ಚಿದ್ರೆ ಇದು ಸದ್ದು ಮಾಡೋದಿಲ್ಲ."

"ಸದ್ದು ಬೇಡ," ಎಂದರು ಹೊನ್ನಮ್ಮ. "ಆ ಮಗುವೂ ಮಾಡ್ಲಿಲ್ಲ."

ಉದ್ದದ ಒಣ ತೆಂಗಿನಗರಿಯ ತುದಿಗೆ ಬೆಂಕಿ ಹಚ್ಚಿ ಗೌಡರು ಕೈ ಚಾಚಿದರು. ಹೊನ್ನಮ್ಮ ಅವರ ಮಣಿಕಟ್ಟು ಹಿಡಿದುಕೊಂಡರು. ಭುಸ್ಸೆಂದು ಒಂದು ಬೆಳಕೆದ್ದಿತು, ಅಷ್ಟೇ. ಬಿಳಿ ಹೊಗೆ ಬೇಲಿ ದಾಟಿ ಹೋಯಿತು.

"ಗಂಡಾ, ಹೆಣ್ಣಾ?" ಎಂದು ಹೊನ್ನಮ್ಮ ಕೇಳಿದರು. "ನನಗೆ ಯಾರೂ ಹೇಳ್ಲಿಲ್ಲ."

ಗೌಡರು ಉರಿಯುತ್ತಿದ್ದ ಗರಿಯನ್ನು ನೆಲಕ್ಕೊತ್ತಿ ಆರಿಸಿದರು. "ಹೆಣ್ಣು," ಎಂದರು. "ತಲೆ ತುಂಬ ಕೂದಲಿತ್ತು."

ಹೊನ್ನಮ್ಮ ಬಗ್ಗಿ, ಇನ್ನೂ ಬೆಚ್ಚಗಿದ್ದ ಆ ಕಲ್ಲಿನ ಮೇಲೆ ಮೆಲ್ಲಗೆ ಅಂಗೈ ಇಟ್ಟರು.