ಪಿನ್ನು ಹೊಡೆದ ಮೂವತ್ತೆಂಟು ಪುಟಗಳು

ಆ ಶಾಲೆಯಲ್ಲಿ ಪುಸ್ತಕಗಳ ಬಾಯಿ ಹೊಲಿಯುವ ಪದ್ಧತಿಯೊಂದಿತ್ತು. ಪರೀಕ್ಷೆಗೆ ಬಾರದ ಪುಟಗಳನ್ನೆಲ್ಲ ಒಟ್ಟಿಗೆ ಹಿಡಿದು, ಅಂಚಿಗೆ ಸ್ಟೇಪ್ಲರಿನಿಂದ ಎರಡು ಪಿನ್ನು ಹೊಡೆದ ಮೇಲೆಯೇ ಪ್ರತಿಗಳು ಮಕ್ಕಳ ಕೈ ಸೇರುತ್ತಿದ್ದವು. ಇದರಿಂದ ಸಮಯ ಉಳಿಯುತ್ತದೆಂದು ಮುಖ್ಯೋಪಾಧ್ಯಾಯರ ವಾದ. ಬಾಯಿ ತೆರೆದರೆ ಆದೇಶ, ಕೆಮ್ಮಿದರೆ ಅನುಬಂಧ; ಆ ಮನುಷ್ಯನಿಗೆ ಶಾಲೆಯೆಲ್ಲ ಸೇರಿ ಇಟ್ಟ ಹೆಸರು ಸುತ್ತೋಲೆ. ಉಳಿದ ಸಮಯವನ್ನು ಆತ ಯಾವ ಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದಾನೋ ಎಂದು ಸಾಹಿತ್ಯದ ಮೇಷ್ಟ್ರು ಆರು ವರ್ಷಗಳಿಂದ ಮನಸ್ಸಿನಲ್ಲೇ ಹಲ್ಲು ಕಡಿಯುತ್ತಿದ್ದರು.

ತಿಂಗಳ ಕೊನೆಗೆ ಮೇಷ್ಟ್ರಿಗೆ ನಿವೃತ್ತಿ. ಇಂದು ಪಠ್ಯವಾಗಿದ್ದ ಕಾದಂಬರಿಯ ಮೊದಲ ಪಾಠ, ಅವರ ಪಾಲಿಗೆ ಕೊನೆಯ ಸಲ. ಕಿಟಕಿಗಳನ್ನೆಲ್ಲ ಇಟ್ಟಿಗೆಯಿಂದ ಮುಚ್ಚಿಸುವ ಒಂದು ನಗರದ ಕತೆ ಅದು. ಗಾಳಿ ಬಂದರೆ ಜನರ ತಲೆ ಕೆಡುತ್ತದೆಂದು ನಗರಾಡಳಿತದ ನಂಬಿಕೆ. ಗಾರೆ ಕೆಲಸದವನೊಬ್ಬ ಮನೆಯಿಂದ ಮನೆಗೆ ಹೋಗಿ ಕಿಟಕಿ ಮುಚ್ಚುತ್ತಾನೆ, ಅಚ್ಚುಕಟ್ಟಿನ ಕೆಲಸಕ್ಕೆ ಪದಕ ಪಡೆಯುತ್ತಾನೆ. ಆಮೇಲೊಂದು ಬೆಳಿಗ್ಗೆ, ತಾನೇ ಕಟ್ಟಿದ ಗೋಡೆಯ ಆಚೆಯಿಂದ ಯಾರೋ ತಟ್ಟುವ ಸದ್ದು ಅವನಿಗೆ ಕೇಳಿಸುತ್ತದೆ.

ತಟ್ಟುವ ಸದ್ದಿನಿಂದ ಕೊನೆಯವರೆಗಿನ ಮೂವತ್ತೆಂಟು ಪುಟಗಳಿಗೆ ಪಿನ್ನು ಬಿದ್ದಿತ್ತು. ಹೀಗಾಗಿ ಆ ಶಾಲೆಯ ಮಟ್ಟಿಗೆ ಕಾದಂಬರಿ ಪದಕದಲ್ಲಿಯೇ ಮುಗಿಯುತ್ತಿತ್ತು. ಪುಸ್ತಕವನ್ನು ಓದದ ಸುತ್ತೋಲೆ ತಯಾರಿಸಿದ ಸಾರಾಂಶದ ಹಾಳೆ ಹೀಗೆ ಶುರುವಾಗುತ್ತಿತ್ತು: 'ಕಾದಂಬರಿಯ ಆಶಯ: ಶಿಸ್ತೇ ಸುಖ.' ಆರು ತಂಡದ ಮಕ್ಕಳು ಇದನ್ನೇ ಬರೆದು ಪೂರ್ತಿ ಅಂಕ ಗಿಟ್ಟಿಸಿದ್ದರು. ನರಕದ ಚಿತ್ರವನ್ನು ತಲೆಕೆಳಗಾಗಿ ತೂಗುಹಾಕಿ, ನೋಡಿ ಎಂಥ ತೋಟ ಎಂದು ಮೆಚ್ಚುವ ಮಂದಿ! ಮೇಷ್ಟ್ರ ತಿರಸ್ಕಾರಕ್ಕೆ ವಯಸ್ಸಾಗಿತ್ತು, ಆದರೆ ಹಲ್ಲು ಉದುರಿರಲಿಲ್ಲ. ಇಂದು ಮಕ್ಕಳ ಕೈಯಿಂದಲೇ ಆ ಪಿನ್ನುಗಳನ್ನು ಕೀಳಿಸಬೇಕು. ಇಲ್ಲವಾದರೆ ಈ ಪುಸ್ತಕವನ್ನು ತಾನು ಒಮ್ಮೆಯೂ ಕಲಿಸದೆ ಮನೆಗೆ ಹೋದಂತೆ.

ಈ ಕಾದಂಬರಿಯ ಮೇಲೆ ರಜೆಯಲ್ಲಿ ಬರೆಸಿದ ಪರಿಚಯ ಲೇಖನಗಳಲ್ಲಿ ಅತ್ಯುತ್ತಮವಾದದ್ದನ್ನು ತರಗತಿಯ ಫಲಕಕ್ಕೆ ಅಂಟಿಸಿದ್ದರು. ಬರೆದವಳು ಅದೇ ತರಗತಿಯಲ್ಲಿದ್ದ ಮೇಷ್ಟ್ರ ಮೊಮ್ಮಗಳು. 'ಶಿಸ್ತೇ ಸುಖ' ಎಂಬ ಮಾತಿನ ಕೆಳಗೆ ಸ್ಕೇಲು ಹಿಡಿದು ಎಳೆದ ಎರಡು ಗೆರೆ. ಅದನ್ನು ನೋಡಿದಾಗಲೆಲ್ಲ ಮೇಷ್ಟ್ರಿಗೆ ತಮ್ಮ ಮನೆಯಲ್ಲೇ ಗಿಳಿ ಸಾಕಿದಂತಾಗುತ್ತಿತ್ತು.

"ಪುಸ್ತಕ ತೆಗೀರಿ," ಎಂದರು. "ಹಿಂದಿನ ಪಿನ್ನು ಕೀಳಿ."

ಯಾರೂ ಅಲುಗಲಿಲ್ಲ. ಕೊನೆಯ ಬೆಂಚಿನಲ್ಲಿ ಪಾಠ ಪರಿಶೀಲನೆಗೆಂದು ಕುಳಿತಿದ್ದ ಸುತ್ತೋಲೆ ಕನ್ನಡಕ ಸರಿಪಡಿಸಿಕೊಂಡ.

"ಸರ್, ಅದು ಪರೀಕ್ಷೆಗೆ ಬರುತ್ತಾ?" ಎಂದ ಮುಂದಿನ ಸಾಲಿನ ಹುಡುಗ.

"ಬರಲ್ಲ."

"ಮತ್ಯಾಕ್ ಸರ್ ಸುಮ್ನೆ?"

ತರಗತಿ ನಕ್ಕಿತು.

"ನಿನ್ನ ಮದುವೆ ಪರೀಕ್ಷೆಗೆ ಬರುತ್ತೇನಪ್ಪಾ? ಬರಲ್ಲ ಅಂತ ಬಿಟ್ಬಿಡ್ತೀಯಾ?" ಎಂದರು ಮೇಷ್ಟ್ರು. ನಗು ಈಗ ಹುಡುಗನ ಕಡೆ ತಿರುಗಿತು. ಕೈಗಳು ಮಾತ್ರ ಪಿನ್ನಿನ ಕಡೆ ಹೋಗಲಿಲ್ಲ.

"ಮೇಷ್ಟ್ರೇ," ಸುತ್ತೋಲೆ ಎದ್ದು ನಿಂತ, "ಪುಸ್ತಕಗಳು ಶಾಲೆಯ ಸ್ವತ್ತು. ಪಿನ್ನು ಕೂಡ."

"ನೀವು ಈ ಪುಸ್ತಕ ಓದಿದೀರಾ ಸ್ವಾಮೀ?"

"ಅನುಮೋದನೆ ಮಾಡಿದೀನಿ."

ಈ ಉತ್ತರಕ್ಕೆ ಮೇಷ್ಟ್ರು ಮುಖ ತಿರುಗಿಸಿದರು. ಎದುರಿಗಿದ್ದ ಮೂವತ್ತು ತಗ್ಗಿದ ತಲೆಗಳನ್ನು ಕಂಡು ಅವರಿಗೆ ಹೇಸಿಗೆಯೆನಿಸಿತು: ಕಾಗದದ ಮೇಲೆ ಇಷ್ಟೇ ಇಷ್ಟು ತಂತಿ, ಅದಕ್ಕೂ ಕಾವಲುಗಾರ ಬೇಡದಂಥ ಕೈದಿಗಳು! ನೇರ ಮೊಮ್ಮಗಳ ಬೆಂಚಿಗೆ ಹೋದರು. "ಕೊಡಮ್ಮಾ ಇಲ್ಲಿ, ಅತ್ಯುತ್ತಮ ಲೇಖಕಿ. ನಿನ್ನ ಶಿಸ್ತು, ನಿನ್ನ ಸುಖ ಎರಡನ್ನೂ ಸ್ವಲ್ಪ ಬಿಚ್ಚೋಣ."

ಅವಳು ಪುಸ್ತಕವನ್ನು ಎದೆಗವಚಿಕೊಂಡಳು. "ಬೇಡ ಸರ್."

"ಕೊಡು ಅಂದೆ."

ಎಳೆದುಕೊಂಡು ಉಗುರು ಹಾಕಿದ್ದೇ ತಡ, ಪಿನ್ನುಗಳು ಒಣಗಿದ ಗಾಯದ ಹೆಕ್ಕಳೆಯಂತೆ ಕಳಚಿ ಅಂಗೈಗೆ ಬಿದ್ದವು. ಅಂಚಿನಲ್ಲಿ ನಾಲ್ಕು ತೂತುಗಳಿರಬೇಕಾದ ಜಾಗದಲ್ಲಿ ಎಂಟು. ಯಾರೋ ಬಿಚ್ಚಿ, ಓದಿ, ಮತ್ತೆ ಹೊಡೆದಿದ್ದರು. ಕೊನೆಯ ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ಬರೆದ ಅವಳದೇ ಅಕ್ಷರ: 'ಒಳಗಡೆ ಯಾರಿದ್ದರು?'

"ಓದಿದೀಯಾ? ಓದಿಯೂ ಅದನ್ನ ಬರೆದ್ಯಾ?" ಎಂದು ಮೇಷ್ಟ್ರು ಫಲಕದ ಕಡೆ ಕೈ ತೋರಿಸಿದರು. "ಗೊತ್ತಿಲ್ಲದೆ ಬರೆದೋರು ದಡ್ಡರು. ಗೊತ್ತಿದ್ದೂ ಬರೆದ ನಿನ್ನನ್ನ ಏನಂತ ಕರೀಲಿ?"

ಅವಳ ಕಣ್ಣು ತುಂಬಿತ್ತು. ದನಿ ಮಾತ್ರ ತಗ್ಗಲಿಲ್ಲ. "ನಿಮಗೂ ಗೊತ್ತಿತ್ತಲ್ಲ ತಾತ. ಆರು ವರ್ಷ ಅದೇ ಹಾಳೆ ನೀವೂ ಓದಿಸಿದ್ರಿ. ಈ ಪಿನ್ನೆಲ್ಲ ನೀವೇ ನಮ್ಮನೆ ಊಟದ ಮೇಜಿನ ಮೇಲೆ ಕೂತು ಹೊಡೀತಿದ್ರಿ. ನಾನು ಪಕ್ಕದಲ್ಲಿ ಪುಟ ಹಿಡ್ಕೊಂಡಿರ್ತಿದ್ದೆ."

ಸುತ್ತೋಲೆಯ ಮುಖದಲ್ಲಿ ಮೊದಲ ಬಾರಿಗೆ ಸಮಾಧಾನ ಮೂಡಿತು. ಮೇಷ್ಟ್ರಿಗೆ ಜಗತ್ತಿನಲ್ಲಿ ಅದಕ್ಕಿಂತ ಅಸಹ್ಯವಾದ ವಸ್ತು ಕಾಣಲಿಲ್ಲ, ಆ ಸಮಾಧಾನಕ್ಕೆ ಕಾರಣವಾದ ತಮ್ಮೊಬ್ಬರನ್ನು ಬಿಟ್ಟು.

ಅವರು ನಿಧಾನವಾಗಿ ಮೇಜಿಗೆ ಮರಳಿದರು. "ಮಕ್ಕಳೇ, ಹಾಳೆ ಬರೆದದ್ದು ಅವರು. ಪಿನ್ನು ಹೊಡೆದದ್ದು ನಾನು. ಹೊಡೆದವನೇ ಕೀಳಬೇಕು. ನಿಮ್ಮ ನಿಮ್ಮ ಪುಸ್ತಕ ತಂದು ಇಲ್ಲಿಡಿ."

"ನಾನು ಇದನ್ನ ಲಿಖಿತವಾಗಿ ಮೇಲಕ್ಕೆ ಕಳಿಸ್ತೀನಿ," ಎಂದ ಸುತ್ತೋಲೆ.

"ಕಳಿಸಿ. ಮೂರು ಪ್ರತಿ ಮಾಡಿ. ಒಂದಕ್ಕೆ ಪಿನ್ನು ಹೊಡೀರಿ."

ಸುತ್ತೋಲೆ ಬಾಗಿಲು ಬಡಿದು ಹೊರಗೆ ಹೋದ. ಆಮೇಲೆ ಆ ಮುಂದಿನ ಸಾಲಿನ ಹುಡುಗನೇ ಎದ್ದು ಬಂದು, ತಪ್ಪು ಮಾಡಿದವನಂತೆ, ಪುಸ್ತಕವನ್ನು ಮೇಜಿನ ಮೇಲಿಟ್ಟ. ಮೇಷ್ಟ್ರು ಪಿನ್ನಿನ ಅಡಿಗೆ ಹೆಬ್ಬೆರಳ ಉಗುರನ್ನು ತೂರಿಸಿದರು. ತಾವೇ ಒತ್ತಿದ ಪಿನ್ನು, ಗಟ್ಟಿಯಾಗಿ ಕೂತಿತ್ತು. ಉಗುರು ಸೀಳಿ ಕಾಗದದ ಅಂಚಿಗೆ ರಕ್ತದ ಚುಕ್ಕೆ ಹತ್ತಿತು.

ಮೊಮ್ಮಗಳು ಜಾಮಿಟ್ರಿ ಬಾಕ್ಸ್ ತೆರೆದು ಪಕ್ಕಕ್ಕೆ ಬಂದು ನಿಂತಳು.

"ಉಗುರಿಂದ ಬರಲ್ಲ ತಾತ," ಎಂದು ಕೈವಾರ ಚಾಚಿದಳು. "ಇದರ ಮೊನೆ ಹಾಕಿ. ನಾನು ಪುಟ ಹಿಡ್ಕೋತೀನಿ."