ವನಜಮ್ಮನ ಹಸಿರು ಚುಕ್ಕೆ

ಕೂಡ್ಲೂರಿನ ಕೈಗಾರಿಕಾ ಪ್ರದೇಶದಲ್ಲಿ ವನಜಮ್ಮನ ಕಣ್ಣಿಗೆ ಮಣ್ಣೆರಚಿದವರು ಯಾರೂ ಇರಲಿಲ್ಲ. ಇಪ್ಪತ್ತೆರಡು ವರ್ಷ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಆರಿಸಿದ ಕಣ್ಣು ಅದು. ಮೇಜಿನ ಮೇಲೆ ರಾಶಿ ಸುರಿದರೆ ಸಾಕು, ಕಪ್ಪಾದದ್ದು, ಹುಳು ಕೊರೆದದ್ದು, ಅಂಚು ಮುರಿದದ್ದು ತಾವಾಗಿಯೇ ಎದ್ದು ಬಂದು ನನ್ನನ್ನು ತೆಗೆ ಎನ್ನುತ್ತಿದ್ದವು. ಅಂಥವಳನ್ನು ಬೀಜದ ಬಣ್ಣ ನೋಡಿ ಬೇರ್ಪಡಿಸುವ ಯಂತ್ರವೊಂದು ಬಂದು ಮನೆಗೆ ಕಳಿಸಿತು. ಯಂತ್ರವನ್ನೇನು ಬೈಯುವುದು? ಅದಕ್ಕೆ ಬಾಯಿಲ್ಲ, ಅದನ್ನು ತಂದವರಿಗೆ ಕಿವಿಯಿಲ್ಲ.

ಎರಡು ವರ್ಷ ಮನೆಯಲ್ಲಿ ಕೂತ ಮೇಲೆ, ಅದೇ ರಸ್ತೆಯ ಹಳೆಯ ಕಾಫಿ ಗೋಡೌನಿನಲ್ಲಿ ಕಂಪ್ಯೂಟರ್ ಕಾರ್ಖಾನೆ ಆಗುತ್ತದೆಂಬ ಸುದ್ದಿ ಬಂತು. ಹೊರದೇಶದ ಕಂಪ್ಯೂಟರುಗಳಿಗೆ ಸರ್ಕಾರ ಕಡಿವಾಣ ಹಾಕಿ, ಶಾಲೆಗಳಿಗೆ ಕೊಳ್ಳುವ ಕಂಪ್ಯೂಟರಿನ ಬೋರ್ಡು ಈ ದೇಶದಲ್ಲೇ ತಯಾರಾಗಿರಬೇಕೆಂದು ನಿಯಮ ಮಾಡಿದ್ದ ಕಾಲ. ಕೆಲಸಕ್ಕೆ ಹೆಂಗಸರು ಬೇಕಂತೆ ಎಂದಾಗ ಗಂಡ ಸಣ್ಣಸ್ವಾಮಿ, "ನಿಂಗೆ ಮೊಬೈಲ್ ಒತ್ತಕ್ಕೇ ಬರಲ್ಲ, ಕಂಪ್ಯೂಟ್ರು ಮಾಡಕ್ಕೆ ಹೊಂಟೆಯಾ" ಎಂದು ಕಿಚಾಯಿಸಿದ. "ಒತ್ತೋರು ಬೇರೆ, ಮಾಡೋರು ಬೇರೆ" ಎಂದು ಹೇಳಿ ವನಜಮ್ಮ ಹೊರಟೇಬಿಟ್ಟಳು.

ಕಾರ್ಖಾನೆ ತೆರೆದವರು ನಾಪೋಕ್ಲು ಕಡೆಯ ತೀರ್ಥಪ್ರಸಾದ್. ಹರೆಯದಲ್ಲಿ ಬೆಂಗಳೂರಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಇಂಜಿನಿಯರಾಗಿ ಕಂಪ್ಯೂಟರ್ ಕಟ್ಟಿದವರು. ಆಗಲೂ ಹೊರಗಿನ ಮಾಲಿಗೆ ಬೇಲಿ ಇತ್ತು. ಆ ಬೇಲಿ ಕಿತ್ತ ಕೆಲವೇ ವರ್ಷಕ್ಕೆ ಕಾರ್ಖಾನೆಗೆ ಬೀಗ ಬಿತ್ತು, ಅವರು ಊರಿಗೆ ಬಂದು ತೋಟ ನೋಡಿಕೊಂಡು ಇದ್ದುಬಿಟ್ಟರು. ಮೂವತ್ತು ವರ್ಷ ಮನೆಗೆ ಒಂದು ಕಂಪ್ಯೂಟರ್ ತರಲಿಲ್ಲವಂತೆ, ಅಷ್ಟು ಮುನಿಸು. ಅರವತ್ತು ದಾಟಿದ ಮೇಲೆ ಮತ್ತೆ ಬೇಲಿ ಬಂತೆಂದು ಕೇಳಿ, ಮೈಸೂರಿನ ಇಬ್ಬರು ಪಾಲುದಾರರನ್ನು ಹಿಡಿದು, ಹೊಸ ಹುಡುಗನ ಹಾಗೆ ಎದ್ದು ನಿಂತಿದ್ದರು.

ಅವರು ವನಜಮ್ಮನ ಮುಂದೆ ಮೂವತ್ತು ಹಸಿರು ಬೋರ್ಡುಗಳನ್ನು ಹರಡಿದರು. "ಇದರಲ್ಲಿ ಮೂರರ ಬೆಸುಗೆ ಸರಿ ಇಲ್ಲ. ಹುಡುಕ್ಲಿಕ್ಕೆ ಆಗ್ತದಾ ನೋಡಿ." ಬೆಸುಗೆ ಎಂದರೇನೆಂದು ಅರ್ಧ ಗಂಟೆ ಮೊದಲು ಕೇಳಿಸಿಕೊಂಡಿದ್ದಳು, ಅಷ್ಟೆ. ವನಜಮ್ಮ ನಾಲ್ಕು ತೆಗೆದಿಟ್ಟಳು. ಅವರು ನಾಲ್ಕನೆಯದನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. "ಇದು ನಾನೇ ಬೆಸೆದದ್ದು ಮಾರಾಯ್ರೇ" ಎಂದು ನಕ್ಕರು. ಅವತ್ತೇ ಅವಳನ್ನು ಇನ್‌ಸ್ಪೆಕ್ಟರ್ ಮಾಡಿ, ಹಸಿರು ಶಾಯಿಯ ಪೆನ್ನೊಂದನ್ನು ಕೈಗಿಟ್ಟರು. ಅವಳು ಒಪ್ಪಿದ ಬೋರ್ಡಿನ ಮೂಲೆಗೆ ಒಂದು ಚುಕ್ಕೆ. ಚುಕ್ಕೆ ಇಲ್ಲದ್ದು ಗೋಡೌನಿನ ಬಾಗಿಲು ದಾಟುವಂತಿಲ್ಲ.

"ಹೊರಗಿನದ್ದು ಕೆಟ್ಟರೆ ಜನ ರಿಪೇರಿಗೆ ಕೊಡ್ತಾರೆ. ನಮ್ಮದು ಕೆಟ್ಟರೆ, ನೋಡಿದ್ರಾ ನಮ್ಮವರ ಹಣೆಬರಹ ಅಂತಾರೆ. ಅದಕ್ಕೆ ನೀವು ಯಾರ ಮುಖವನ್ನೂ ನೋಡ್ಬಾರದು" ಎಂದು ಹೇಳಿದ್ದರು. ವನಜಮ್ಮ ಆ ಮಾತನ್ನು ದೇವರ ಪ್ರಸಾದದಂತೆ ಕಣ್ಣಿಗೊತ್ತಿಕೊಂಡಳು.

ಬೋರ್ಡಿನ ಮೇಲೆ ಕೂರುವ ಚಿಪ್‌ಗಳೇನೋ ಹೊರದೇಶದವೇ. ಅದನ್ನು ತೀರ್ಥಪ್ರಸಾದ್ ಮುಚ್ಚಿಟ್ಟವರಲ್ಲ. ಅವನ್ನು ಕೂರಿಸುವುದಕ್ಕೆ ಒಂದು ಹಳೆಯ ಯಂತ್ರವಿತ್ತು. ಮಿಕ್ಕಿದ್ದೆಲ್ಲ ಹುಡುಗಿಯರ ಕೈಕೆಲಸ. ಕೂಡಿಗೆ, ಹೆಬ್ಬಾಲೆ, ಗುಡ್ಡೆಹೊಸೂರು ಕಡೆಯಿಂದ ಬರುವ ಇಪ್ಪತ್ತಾರು ಹುಡುಗಿಯರು ಸಾಲಾಗಿ ಕೂತು, ಬಿಸಿ ಕಡ್ಡಿ ಹಿಡಿದು, ಉಸಿರು ಬಿಗಿ ಹಿಡಿದು ಬೆಸೆಯುತ್ತಿದ್ದರು. ಆರು ತಿಂಗಳಲ್ಲಿ ವನಜಮ್ಮನಿಗೆ ಯಾವ ಬೆಸುಗೆ ಯಾರದ್ದೆಂದು ಹೆಸರು ಕೇಳದೆ ಗೊತ್ತಾಗತೊಡಗಿತು. ದಿವ್ಯಶ್ರೀಯದ್ದು ದಪ್ಪ, ಅವಳ ಕೈ ತುಸು ಧಾರಾಳ. ಕಾವ್ಯಶ್ರೀಯದ್ದು ಚಿಕ್ಕದು, ಚೂಪು, ಎಡಗೈಯವಳಾದ್ದರಿಂದ ತುದಿ ಕೂದಲೆಳೆಯಷ್ಟು ಆ ಕಡೆಗೆ ವಾಲಿರುತ್ತಿತ್ತು.

ಈ ಕಾವ್ಯಶ್ರೀ ವನಜಮ್ಮನ ಅಣ್ಣನ ಮಗಳು. ವನಜಮ್ಮನೇ ಕರೆತಂದು ಸೇರಿಸಿದ್ದು. ಸಾಲಿನಲ್ಲಿ ಅತಿ ಒಳ್ಳೆಯ ಕೈ ಅವಳದ್ದೇ. ಹಾಗಿದ್ದೂ, ಅಣ್ಣನ ಮಗಳೆಂದು ಬಿಟ್ಟಳು ಅನ್ನಿಸಿಕೊಳ್ಳಬಾರದೆಂದು ವನಜಮ್ಮ ಅವಳ ಬೋರ್ಡನ್ನು ಎರಡೆರಡು ಸಲ ನೋಡುತ್ತಿದ್ದಳು. ಒಂದು ಬೆಸುಗೆ ಮಂಕಾಗಿ ಕಂಡರೂ ವಾಪಸ್. "ಅತ್ತೆ, ಇದು ಓಡ್ತಾ ಐತಲ್ಲ" ಎಂದು ಹುಡುಗಿ ಗೋಗರೆದರೆ, "ಇವತ್ತು ಓಡ್ತದೆ. ಮಾಡು ಹೋಗು" ಎನ್ನುತ್ತಿದ್ದಳು. ಮಧ್ಯಾಹ್ನ ಇಬ್ಬರೂ ಒಂದೇ ಬುತ್ತಿ ಬಿಚ್ಚಿ ಉಣ್ಣುವಾಗ ಕಾವ್ಯಶ್ರೀ ಮುಖ ಊದಿಸಿಕೊಂಡು ಕೂತಿರುತ್ತಿದ್ದಳು. ಊಟ ಮುಗಿಯುವಷ್ಟರಲ್ಲಿ ಮುನಿಸೂ ಮುಗಿಯುತ್ತಿತ್ತು.

ಜೂನ್ ತಿಂಗಳಿಗೆ ಶಾಲೆಗಳ ಆರ್ಡರಿನ ಎರಡು ಸಾವಿರ ಬೋರ್ಡು ಕೊಡಬೇಕಿತ್ತು. ಏಪ್ರಿಲ್ ಮುಗಿಯುವಾಗ ಚುಕ್ಕೆ ಬಿದ್ದದ್ದು ಏಳುನೂರಕ್ಕೆ. ದಿನಕ್ಕೆ ಬೆಸೆದದ್ದರಲ್ಲಿ ಕಾಲು ಭಾಗ ವನಜಮ್ಮನ ಮೇಜಿನಿಂದ ಹಿಂದಕ್ಕೆ ಹೋಗುತ್ತಿತ್ತು. ಪಾಲುದಾರರು ವಾರಕ್ಕೆರಡು ಸಲ ಬಂದು ಗಾಜಿನ ಕೋಣೆಯಲ್ಲಿ ತೀರ್ಥಪ್ರಸಾದರ ಮುಂದೆ ಕೈ ಬೀಸಿ ಮಾತಾಡುವುದು ಸಾಲಿನಲ್ಲಿ ಕೂತವರಿಗೆ ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ. ಅವರು ಹೋದ ಮೇಲೆ ತೀರ್ಥಪ್ರಸಾದ್ ಹೊರಗೆ ಬಂದು, "ನಿಧಾನ ಆದ್ರೂ ಆಗ್ಲಿ, ಸರಿ ಆಗ್ಲಿ" ಎಂದೇ ಹೇಳುತ್ತಿದ್ದರು. ಆದರೆ ದಿನದಿಂದ ದಿನಕ್ಕೆ ಅವರ ದನಿ ಇಳಿಯುತ್ತಿತ್ತು.

ಮೇ ತಿಂಗಳ ನಡುವೆ ಯಂತ್ರ ಸರ್ವಿಸ್‌ಗಿದೆ ಎಂದು ಹುಡುಗಿಯರಿಗೆ ಒಂದು ವಾರ ರಜೆ ಕೊಟ್ಟರು. ಅವರೆಲ್ಲ ಕೂಡಿ ದುಬಾರೆಗೆ ಆನೆ ನೋಡಲು ಹೋದರು. ವನಜಮ್ಮನಿಗೆ ಮಾತ್ರ ಕಾರ್ಖಾನೆಗೆ ಬರಲು ಫೋನು ಬಂತು.

ಗೋಡೌನಿನಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಎದೆಮಟ್ಟಕ್ಕೆ ಪೇರಿಸಿದ್ದರು. ತೀರ್ಥಪ್ರಸಾದ್ ಒಂದನ್ನು ಒಡೆದು ಬೋರ್ಡೊಂದನ್ನು ಅವಳ ಮುಂದಿಟ್ಟರು. ಅದೇ ಅಳತೆ, ಅದೇ ಹಸಿರು, ಮೇಲೆ ಕಾರ್ಖಾನೆಯದೇ ಹೆಸರು. ವನಜಮ್ಮ ತಿರುಗಿಸಿ ನೋಡಿದಳು. ಒಂದೊಂದು ಬೆಸುಗೆಯೂ ಒಂದೇ ಥರ, ಹೊಳಪು, ಗುಂಡಗೆ. ಅವುಗಳಲ್ಲಿ ದಿವ್ಯಶ್ರೀ ಇರಲಿಲ್ಲ, ಕಾವ್ಯಶ್ರೀ ಇರಲಿಲ್ಲ. ಯಾರೂ ಇರಲಿಲ್ಲ.

"ಇದು ನಮ್ದಲ್ಲ ಸಾರ್" ಎಂದಳು.

ತೀರ್ಥಪ್ರಸಾದ್ ಕಿಟಕಿ ಕಡೆ ನೋಡುತ್ತಾ ನಿಂತಿದ್ದರು. "ಅಲ್ಲ. ಹೊರಗಿನದ್ದು. ಯಾವುದೋ ದಾರೀಲಿ ಬಂದದ್ದು, ನೀವು ಕೇಳ್ಬೇಡಿ, ನಾನೂ ಹೇಳುದಿಲ್ಲ."

"ಅದಕ್ಕಲ್ವಾ ಸಾರ್ ಆ ಕಾನೂನು ಮಾಡಿದ್ದು? ಹೊರಗಿನದು ಬರಬಾರ್ದು ಅಂತ?"

"ಹೌದು ವನಜಮ್ಮ." ಅವರು ಕುರ್ಚಿಯಲ್ಲಿ ಕುಸಿದು ಕೂತರು. "ಇದೊಂದ್ಸಲ. ಈ ಆರ್ಡರ್ ತಪ್ಪಿದ್ರೆ ಯೂನಿಟ್ಟೇ ಮುಚ್ತದೆ. ಮತ್ತೆ ಯಾರು ತೆರೀತಾರೆ? ಇಪ್ಪತ್ತಾರು ಹುಡುಗೀರು ಎಲ್ಲಿಗೆ ಹೋಗ್ತಾರೆ? ಇದೊಂದ್ಸಲ ದಾಟಿದ್ರೆ ಮುಂದಿನ ವರ್ಷ ಪೂರ್ತಿ ನಮ್ಮದೇ ಮಾಡುವ. ನನ್ನ ಕೈಲಿ ಎರಡನೇ ಸಲ ಬೀಗ ಹಾಕ್ಲಿಕ್ಕೆ ಆಗುದಿಲ್ಲ."

ಆ ಮನುಷ್ಯನ ಕಣ್ಣಲ್ಲಿ ನೀರಿತ್ತು. ವನಜಮ್ಮ ಬೈದು ಎದ್ದು ಬರಬಹುದಿತ್ತು. ಆದರೆ ಮನೆಯಲ್ಲಿ ಸುಮ್ಮನೆ ಕೂತ ಆ ಎರಡು ವರ್ಷ ಅವಳಿಗೆ ನೆನಪಿತ್ತು, ಹುಡುಗಿಯರಿಗೆ ಅದು ಬೇಡ ಅನಿಸಿತು.

"ಇವನ್ನ ನೋಡ್ಬೇಕಾ ಸಾರ್, ಬರೀ ಚುಕ್ಕೆ ಇಡ್ಬೇಕಾ?"

"ಬರೀ ಚುಕ್ಕೆ."

ಎರಡು ದಿನ ವನಜಮ್ಮ ಚುಕ್ಕೆ ಇಟ್ಟಳು. ಒಂದನ್ನೂ ನೋಡಲಿಲ್ಲ. ಇಪ್ಪತ್ತೆರಡು ವರ್ಷ ಬೀಜ ಆರಿಸುವಾಗ ನೋಯದಿದ್ದ ಕತ್ತು ಆ ಎರಡು ದಿನದಲ್ಲಿ ತಿರುಗಿಸಲಾಗದಷ್ಟು ಹಿಡಿದುಕೊಂಡಿತು.

ತಪಾಸಣೆಗೆ ಬೆಂಗಳೂರಿನಿಂದ ಸರ್ಕಾರದ ಅಧಿಕಾರಿ ಬಂದದ್ದು ಹುಡುಗಿಯರು ಕೆಲಸಕ್ಕೆ ಮರಳಿದ ಮೊದಲ ದಿನ. ಪೇರಿಸಿದ್ದರಲ್ಲಿ ಒಂದು ಬೋರ್ಡು ಎತ್ತಿ, "ಇದೆಲ್ಲ ಇಲ್ಲೇ ಬೆಸೆದದ್ದಾ?" ಎಂದು ವನಜಮ್ಮನನ್ನೇ ಕೇಳಿದರು. ಚುಕ್ಕೆ ಅವಳದ್ದಲ್ಲವೇ.

"ಹೌದು ಸಾರ್" ಎಂದಳು.

"ಎಷ್ಟು ಅಚ್ಚುಕಟ್ಟು" ಎಂದು ಅಧಿಕಾರಿ ಸಾಲಿನ ಕಡೆ ತಿರುಗಿ ಮೆಚ್ಚಿಕೊಂಡರು. "ಯಾವ ದೇಶಕ್ಕೆ ಕಮ್ಮಿ ಇದ್ದೀರಮ್ಮ ನೀವು?" ಹುಡುಗಿಯರು ನಾಚಿಕೊಂಡು ನಕ್ಕರು, ಒಬ್ಬರನ್ನೊಬ್ಬರು ತಿವಿದುಕೊಂಡರು. ಫೋಟೋಕ್ಕೆಂದು ಆ ಬೋರ್ಡನ್ನು ಕಾವ್ಯಶ್ರೀಯ ಕೈಗೆ ಕೊಟ್ಟರು. ಅವಳು ಅದನ್ನು ಹೆಮ್ಮೆಯಿಂದ ಎದೆಗೆ ಹಿಡಿದಳು, ಆಮೇಲೆ ಅಭ್ಯಾಸಬಲದಿಂದ ಹಿಂದೆ ತಿರುಗಿಸಿ ನೋಡಿದಳು. ನಗು ಅಲ್ಲೇ ನಿಂತಿತು. ತಲೆಯೆತ್ತಿ ಅತ್ತೆಯನ್ನು ನೋಡಿದಳು. ವನಜಮ್ಮ ಬೇರೆ ಕಡೆ ನೋಡಿದಳು. ಅವತ್ತು ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಕಾವ್ಯಶ್ರೀ ದಿವ್ಯಶ್ರೀಯ ಪಕ್ಕ ಹೋಗಿ ಕೂತಳು.

ಆರ್ಡರ್ ದಾಟಿತು. ಮುಂದಿನದು ಐದು ಸಾವಿರದ್ದು ಬಂತು. ಪಾಲುದಾರರೇನು ದಡ್ಡರೇ? ನೋಡದೆ ಇಟ್ಟ ಚುಕ್ಕೆಯೇ ಪಾಸಾಗುವಾಗ ನೋಡಿ ಇಡುವ ಕಷ್ಟ ಯಾತಕ್ಕೆ? ಬೆಸೆಯುವುದೇ ಯಾತಕ್ಕೆ? ಹೊರಗಿನ ಬೋರ್ಡು ತರಿಸಿ ಪೆಟ್ಟಿಗೆ ಬಿಚ್ಚುವುದಕ್ಕೆ, ಸ್ಟಿಕ್ಕರ್ ಅಂಟಿಸುವುದಕ್ಕೆ, ಮತ್ತೆ ಪೆಟ್ಟಿಗೆಗೆ ತುಂಬುವುದಕ್ಕೆ ಎಂಟು ಜನ ಸಾಕು ಎಂದರು. ನಾಡಿನ ಕೈಗೆ ಕೆಲಸ ಸಿಗಲೆಂದು ಹಾಕಿದ ಬೇಲಿ, ಕೈಯಿಲ್ಲದ ಕೆಲಸಕ್ಕೆ ಕಾವಲಾಗಿ ನಿಂತಿತು. ತೀರ್ಥಪ್ರಸಾದ್ ಪಾಲುದಾರರ ಜೊತೆ ಮೂರು ದಿನ ಜಗಳವಾಡಿದರು. ನಾಲ್ಕನೇ ದಿನ ವನಜಮ್ಮನ ಮೇಜಿನ ಹತ್ತಿರ ಬಂದು, "ನಾನು ಇದೊಂದ್ಸಲ ಅಂತಲೇ ಹೇಳಿದ್ದು" ಎಂದರು. ಅವಳು ತಲೆಯಾಡಿಸಿದಳು. ಅವರು ನಾಪೋಕ್ಲಿಗೆ ಹೋದವರು ಮತ್ತೆ ಬರಲಿಲ್ಲ.

ಬೆಸೆಯುವ ಮೇಜುಗಳನ್ನು ಕಳಚಿ ಹೊರಗೆ ಹಾಕಿದರು. ಉಳಿಸಿಕೊಳ್ಳುವ ಎಂಟು ಜನರಲ್ಲಿ ಮೊದಲ ಹೆಸರು ವನಜಮ್ಮನದು, ಎರಡನೆಯದು ಕಾವ್ಯಶ್ರೀಯದು. "ಸ್ಟಿಕ್ಕರ್ ಅಂಟ್ಸಕ್ಕೆ ನಾನು ಬ್ಯಾಡ" ಎಂದು ಕಾವ್ಯಶ್ರೀ ಹೇಳಿದಳು, ಅವಳ ಜಾಗಕ್ಕೆ ಬೇರೊಬ್ಬಳು ಬಂದಳು. ವನಜಮ್ಮ ಕೆಲಸ ಬಿಡಲಿಲ್ಲ. ಚುಕ್ಕೆ ಇಡುವವಳು ಹೋದರೆ ಉಳಿದ ಏಳು ಜನರಿಗೂ ಬಾಗಿಲು ಮುಚ್ಚುತ್ತದೆ ಎಂದು ಪಾಲುದಾರರು ಹೇಳಿದ್ದರು. ಅದು ನಿಜವೋ ಹೆದರಿಸಿದ್ದೋ, ಅವಳು ಕೇಳಲು ಹೋಗಲಿಲ್ಲ.

ಸೋಮವಾರ ಬೆಳಿಗ್ಗೆ ಕೂಡಿಗೆ ಸರ್ಕಲ್ಲಿನಲ್ಲಿ ವನಜಮ್ಮ ಕಾರ್ಖಾನೆ ಬಸ್ಸಿಗೆ ಕಾಯುತ್ತಿದ್ದಳು. ಅದೇ ಮಗ್ಗುಲಲ್ಲಿ ತೋಟದ ಕೆಲಸಕ್ಕೆ ಹೋಗುವ ಹೆಂಗಸರು ಜೀಪಿಗೆ ಕಾಯುತ್ತಿದ್ದರು. ತಲೆಗೆ ಬಟ್ಟೆ ಸುತ್ತಿ, ಅಪ್ಪನ ಹಳೆಯ ತುಂಬುತೋಳಿನ ಶರಟು ತೊಟ್ಟು, ಅವರ ನಡುವೆ ಕಾವ್ಯಶ್ರೀ ನಿಂತಿದ್ದಳು. ತಿಂಗಳಿಂದ ಮಾತಿರಲಿಲ್ಲ. ಹುಡುಗಿಯೇ ಹತ್ತಿರ ಬಂದಳು.

"ಅತ್ತೆ, ಒಂದ್ ಮಾತು ಕೇಳ್ಲಾ?"

"ಕೇಳವ್ವ."

"ನಂದು ಅಷ್ಟೊಂದು ಬೋರ್ಡು ವಾಪಸ್ ಕಳಿಸ್ತಿದ್ಯಲ್ಲ. ಅವು ನಿಜವಾಗ್ಲೂ ಕೆಟ್ಟಿದ್ವಾ?"

ಸುಳ್ಳು ಹೇಳಬಹುದಿತ್ತು. ಅಧಿಕಾರಿಗೆ ಹೇಳಿದವಳಿಗೆ ಇದೇನು ದೊಡ್ಡದಲ್ಲ.

"ಇಲ್ಲ. ಸುಮಾರು ಚೆನ್ನಾಗೇ ಇದ್ವು. ಎಲ್ಲೋ ಒಂದ್ ಬೆಸುಗೆ ಮಂಕಾಗಿರದು. ಮುಂದೆ ಯಾವತ್ತಾದ್ರೂ ಕೈ ಕೊಟ್ರೆ ಜನ ಆಡ್ಕೊಂಡ್ಬಿಡ್ತಾರೆ ಅಂತ."

"ಆ ಪೆಟ್ಟಿಗೇವನ್ನ ನೋಡಿದ್ಯಾ?"

"ಇಲ್ಲ."

"ಒಂದೂ?"

"ಒಂದೂ ಇಲ್ಲ."

ಕಾವ್ಯಶ್ರೀಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ವನಜಮ್ಮ ತಡೆದುಕೊಳ್ಳುತ್ತಿದ್ದಳು. "ಮತ್ತೆ ನಮ್ಮವನ್ನ ಯಾಕತ್ತೆ ಅಷ್ಟು ನೋಡ್ದೆ?"

"ನಮ್ಮವು ಅಂತಲೇ ನೋಡ್ದೆ ಕಣೆ."

ಜೀಪು ಬಂತು. ಹೆಂಗಸರು ಒತ್ತರಿಸಿಕೊಂಡು ಹತ್ತಿದರು. ಕಾವ್ಯಶ್ರೀ ಒಂದು ಕಾಲು ಮೇಲಿಟ್ಟು ತಿರುಗಿದಳು. "ನಮ್ಮವನ್ನೂ ಹೊರಗಿನವು ಅನ್ಕೊಂಡು ಬಿಟ್ಬಿಡ್ಬಾರ್ದಿತ್ತಾ ಅತ್ತೆ" ಎಂದಳು. ಒಳಗಿದ್ದ ಯಾರೋ ಕೈ ಚಾಚಿ ಅವಳನ್ನು ಎಳೆದುಕೊಂಡರು, ಜೀಪು ಹೊರಟಿತು.

ಆಮೇಲೆ ಕಾರ್ಖಾನೆಯ ಬಸ್ಸು ಬಂತು. ವನಜಮ್ಮ ಹತ್ತಿ ಮುಂದಿನ ಸೀಟಿನಲ್ಲಿ ಕೂತಳು. ಎಂಟು ಜನಕ್ಕೆ ಇಷ್ಟು ದೊಡ್ಡ ಬಸ್ಸು ಯಾಕೆ ಬೇಕು, ಒಂದು ಆಟೋ ಸಾಲದಾ ಎಂದು ಡ್ರೈವರ್ ಬೋಜ ಗೊಣಗುತ್ತಾ ಗೇರು ಹಾಕಿದ. ಅವಳು ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಹಿಂದೆ ಕೂತಿದ್ದ ಏಳು ಜನರಲ್ಲಿ ಯಾರೂ ಏನಾಯಿತೆಂದು ಕೇಳಲಿಲ್ಲ.